ಕೈಕೆಲಸಕ್ಕೆ ಬೆಲೆ ಹೇಳುವ ಧೈರ್ಯ



ಸಂತೆಗೆ ಹೋಗಿ ಬೇಕಾದುದನ್ನು ಕೊಳ್ಳುವುದು ನಮ್ಮೆಲ್ಲರಿಗೂ ಅಭ್ಯಾಸವಾದ ಸಂಗತಿ. ಆದರೆ ತನ್ನ ಕೈಯಿಂದಲೇ ರೂಪುಗೊಂಡ ವಸ್ತುವನ್ನು ಮುಂದಿಟ್ಟುಕೊಂಡು ಕುಳಿತು, ಅಪರಿಚಿತರಿಗೆ ಅದರ ಬೆಲೆಯನ್ನು ಹೇಳುವುದು ಎಷ್ಟು ಕಷ್ಟವೆಂಬುದು ನನಗೆ ಅರಿವಾದದ್ದು ನಮ್ಮ ಅಕ್ಕನ ಮಗಳೊಡನೆ ಬೆಂಗಳೂರಿನ ಚಿತ್ರಸಂತೆಗೆ ಹೋದ ದಿನ.

ಪ್ರೊ. ಎಂ. ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಲ್ಲಿ ಈ ಸಂತೆಯನ್ನು ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಂತು, ಇಕ್ಕೆಲಗಳಲ್ಲಿ ಚಿತ್ರಗಳು ತುಂಬಿಕೊಳ್ಳುತ್ತವೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಅಂತರ್ಜಾಲದ ಮೂಲಕ ನಡೆದುದೂ ಉಂಟು. ಕಲೆ ಎಲ್ಲರಿಗೂ ಸಲ್ಲಬೇಕೆಂಬುದು ಅದರ ಉದ್ದೇಶ. ನೂರು ರೂಪಾಯಿಯ ರೇಖಾಚಿತ್ರವೂ ಲಕ್ಷ ರೂಪಾಯಿಯ ವರ್ಣಚಿತ್ರವೂ ಅಲ್ಲಿ ಒಂದೇ ಬೀದಿಯಲ್ಲಿರುತ್ತವೆ.

ಹುಡುಗಿ ಚಿತ್ರಕಲೆಯಲ್ಲಿ ಡಿಪ್ಲೊಮಾ ಮುಗಿಸಿದ್ದಳು. ಮುಂದೆಯೂ ಅದನ್ನೇ ಓದುವ ಹಂಬಲ. “ಇದರಿಂದ ಹೊಟ್ಟೆ ತುಂಬೀತೇ?” ಎಂಬುದು ನಮ್ಮ ಭಾವನವರ ಪ್ರಶ್ನೆ. ಅವರು ಬೂದಿಗೆರೆಯಲ್ಲಿ ತರಕಾರಿ ಬೆಳೆಯುವ ರೈತರು. ಚಿತ್ರಸಂತೆಯಲ್ಲಿ ಒಂದು ಜಾಗ ದೊರೆತಾಗ, “ಒಂದು ದಿನ ನೋಡಿಯೇ ಬಿಡೋಣ” ಎಂದು ಒಪ್ಪಿದರು. ಟೊಮೊಟೊ ಸಾಗಿಸುವ ಗೂಡ್ಸ್ ಆಟೋದಲ್ಲಿಯೇ, ಹಳೆಯ ದುಪ್ಪಟಿಗಳಲ್ಲಿ ಸುತ್ತಿದ ಹದಿನಾಲ್ಕು ಚಿತ್ರಗಳೊಡನೆ ನಾವು ಮೂವರು ಬೆಳಗಿನ ಜಾವವೇ ಹೊರಟೆವು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ದಾರಿಯಲ್ಲಿ ಅವಳು, “ಮಾವ, ಬೆಲೆ ಎಷ್ಟು ಹೇಳಲಿ?” ಎಂದು ಕೇಳಿದಾಗ ನಾನು, “ಮೊದಲ ಸಲವಲ್ಲವೇ ಮಗಳೇ, ಕೊಟ್ಟಷ್ಟು ತೆಗೆದುಕೋ” ಎಂದಿದ್ದೆ. ಅದರಂತೆಯೇ ಆಯಿತು. ಮೊದಲು ಬಂದವರೊಬ್ಬರು ಬೂದಿಗೆರೆಯ ರಾಗಿ ಹೊಲದ ಚಿತ್ರವನ್ನು ಎತ್ತಿಕೊಂಡು ಬೆಲೆ ಕೇಳಿದರು. ಹುಡುಗಿ ತಲೆ ತಗ್ಗಿಸಿ, “ನಿಮಗೆ ತೋಚಿದಷ್ಟು ಕೊಡಿ” ಎಂದಳು. ಅವರು ನೂರು ರೂಪಾಯಿಯ ನೋಟನ್ನು ಇಟ್ಟು ನಡೆದರು. ಆ ಚಿತ್ರದ ಚೌಕಟ್ಟಿಗೇ ಮುನ್ನೂರೈವತ್ತು ರೂಪಾಯಿ ತಗುಲಿತ್ತು!

ಪಕ್ಕದಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನಿಟ್ಟುಕೊಂಡಿದ್ದ ಹಿರಿಯರೊಬ್ಬರು ಇದನ್ನು ಕಂಡು ಹತ್ತಿರ ಬಂದರು. “ನೋಡು ತಾಯಿ, ನೀನು ಹೀಗೆ ಕೊಟ್ಟರೆ ನಷ್ಟ ನಿನ್ನೊಬ್ಬಳದಲ್ಲ. ಇದೇ ಬೆಲೆಯನ್ನು ಅವರು ಮುಂದಿನವರ ಬಳಿಯೂ ಕೇಳುತ್ತಾರೆ” ಎಂದರು. ಕಾಗದ, ಬಣ್ಣ, ಚೌಕಟ್ಟಿನ ಖರ್ಚನ್ನು ಬರೆ. ಎಷ್ಟು ದಿನ ದುಡಿದೆಯೋ ಅದಕ್ಕೆ ಕೂಲಿ ಕಟ್ಟು. ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದು ಚಿತ್ರದ ಕೆಳಗೆ ಅಂಟಿಸು. ಬಾಯಿ ನಾಚಿದರೂ ಚೀಟಿ ನಾಚುವುದಿಲ್ಲ ಎಂದು ಬುದ್ಧಿ ಹೇಳಿದರು.

ಅವಳು ಹಾಗೆಯೇ ಮಾಡಿದಳು. ಪ್ರತಿ ಚಿತ್ರಕ್ಕೂ ಒಂದು ಸಾವಿರದ ಐನೂರು ರೂಪಾಯಿ ಎಂದು ಬರೆದಾಗ ಅವಳ ಕೈ ನಡುಗುತ್ತಿತ್ತು. ಅನೇಕರು ಚೀಟಿ ನೋಡಿ ಮುಂದೆ ಹೋದರು. ಕೆಲವರು ಚೌಕಾಸಿ ಮಾಡಿದರು. ಆದರೆ ಸಂಜೆಯೊಳಗೆ ಮೂವರು, ಬರೆದಷ್ಟೇ ಹಣವನ್ನು ಕೊಟ್ಟು ಚಿತ್ರಗಳನ್ನು ಕೊಂಡರು. ಮೊರದಲ್ಲಿ ರಾಗಿ ಕೇರುವ ಅಜ್ಜಿಯ ಚಿತ್ರವನ್ನು ಕೊಂಡ ದಂಪತಿಗಳು, ಅಜ್ಜಿ ಯಾರು, ಊರು ಯಾವುದು ಎಂದು ಕೇಳಿ ತಿಳಿದುಕೊಂಡೇ ಹೋದರು.

ರಾತ್ರಿ ಭಾವನವರು ಲೆಕ್ಕ ಬರೆದರು. ಬಂದದ್ದು 4,600 ರೂಪಾಯಿ; ಚೌಕಟ್ಟುಗಳಿಗೇ 4,900 ಖರ್ಚಾಗಿತ್ತು. ಇನ್ನು ಓದಿನ ಮಾತು ಮುಗಿಯಿತೆಂದೇ ನಾನು ಭಾವಿಸಿದೆ. ಅವರು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಯ್ಯ, ಮೂವತ್ತು ವರ್ಷದಿಂದ ಮಂಡಿಗೆ ಮಾಲು ಹಾಕುತ್ತಿದ್ದೇನೆ. ನನ್ನ ಬೆಳೆಗೆ ಇಷ್ಟು ಬೆಲೆ ಎಂದು ನಾನು ಒಂದು ದಿನವೂ ಹೇಳಿಲ್ಲ. ಅವರು ಹೇಳಿದ್ದನ್ನೇ ತಂದಿದ್ದೇನೆ. ಇವಳು ಮೊದಲ ದಿನವೇ ಹೇಳಿದಳು. ಓದಲಿ ಬಿಡು” ಎಂದರು. ಒಳಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನುಲಿಯ ಚಂದಯ್ಯನವರ ಕಥೆಯನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಹಗ್ಗ ಹೊಸೆದು ಮಾರುತ್ತಿದ್ದ ಆ ಶರಣರು, ಸಲ್ಲತಕ್ಕ ಬೆಲೆಗಿಂತ ಹೆಚ್ಚು ಬಂದ ಹಣವನ್ನು ಒಲ್ಲೆನೆಂದರೆಂದು ಹಿರಿಯರು ಹೇಳುತ್ತಾರೆ. ಹೆಚ್ಚಿನದನ್ನು ಬೇಡವೆನ್ನಬೇಕಾದರೆ ಸಲ್ಲತಕ್ಕದ್ದು ಎಷ್ಟೆಂಬುದು ಮೊದಲು ತಿಳಿದಿರಬೇಕಲ್ಲವೇ? ದುರಾಸೆ ಕಾಯಕಕ್ಕೆ ಕಳಂಕವಾದರೆ, ದುಡಿಮೆಯ ಬೆಲೆಯನ್ನು ಹೇಳಲು ನಾಚುವುದೂ ಕಾಯಕಕ್ಕೆ ಗೌರವವಲ್ಲ.

ನಮ್ಮ ಮನೆಗಳಲ್ಲಿ ಚಿತ್ರ ಬರೆಯುವ, ಕಸೂತಿ ಹಾಕುವ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. “ನಮ್ಮ ಹುಡುಗಿಯೇ ತಾನೇ” ಎಂದು ಮದುವೆ, ಗೃಹಪ್ರವೇಶಗಳಿಗೆ ಅವರಿಂದ ಬಿಟ್ಟಿಯಾಗಿ ಮಾಡಿಸಿಕೊಳ್ಳುವವರೂ ನಾವೇ. ಮುಂದಿನ ಸಲ ಅವರ ಕೈಕೆಲಸವನ್ನು ಬಯಸಿದಾಗ ಮೊದಲು ಬೆಲೆ ಕೇಳೋಣ. ಹೇಳಿದಷ್ಟನ್ನು ಸಂತೋಷದಿಂದ ಕೊಡೋಣ. ಬೆಲೆ ಹೇಳುವ ಧೈರ್ಯವನ್ನು ಮಕ್ಕಳು ಕಲಿಯಬೇಕಾದದ್ದು ಸಂತೆಯಲ್ಲಲ್ಲ, ಮನೆಯಲ್ಲಿ.