ಮುಳುಗದ ಹಡಗಿನ ನಷ್ಟ

ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿ ದಾಳಿಗಳು ಕಡಲಂಚಿನವರ ಕಥೆಯೇ ಹೊರತು ಕಲಬುರಗಿ, ಕಮಲಾಪುರದಂಥ ಒಳನಾಡಿಗೆ ಸಂಬಂಧಿಸಿದವಲ್ಲ, ಮುಳುಗದೆ ಉಳಿದ ಹಡಗಂತೂ ಲೆಕ್ಕಕ್ಕೇ ಬಾರದು ಎಂಬ ಪ್ರಕಟಿತ ವಾದವು ವಾಣಿಜ್ಯ ನೌಕೆಯ ಕೆಲಸವನ್ನೇ ಮರೆತಿದೆ. 1943ರ ಅಕ್ಟೋಬರ್‌ನಲ್ಲಿ ಜರ್ಮನಿಯ ಯು-532 ಜಲಾಂತರ್ಗಾಮಿಯು ‘ಜಲಬಾಲಾ’ ಹಡಗನ್ನು ಮುಳುಗಿಸಿ, ಕೆಲವೇ ದಿನಗಳಲ್ಲಿ ಮಲಬಾರ್ ಕರಾವಳಿಯಾಚೆ ‘ಬ್ರಿಟಿಷ್ ಪರ್ಪಸ್’ ಎಂಬ ಟ್ಯಾಂಕರಿಗೆ, ಅಂದರೆ ತೈಲ ಸಾಗಿಸುವ ಹಡಗಿಗೆ, ಟಾರ್ಪಿಡೊ ಹೊಡೆದು ಜಖಂಗೊಳಿಸಿತು. ಜಖಂಗೊಂಡ ಟ್ಯಾಂಕರು ತೇಲುತ್ತಿದ್ದರೂ ದುರಸ್ತಿ ಮುಗಿಯುವವರೆಗೆ ಎಣ್ಣೆ ಹೊರಲಾರದು, ಮೇಲಾಗಿ ಬೇರೆ ಹಡಗುಗಳಿಗೆ ಸಲ್ಲಬೇಕಾದ ಹಡಗುಕಟ್ಟೆಯನ್ನೂ ಕೆಲಸಗಾರರನ್ನೂ ಹಿಡಿದಿಡುತ್ತದೆ. ಈ ನಷ್ಟ ಮುಳುಗಿದವುಗಳ ಪಟ್ಟಿಯಲ್ಲಿ ಎಲ್ಲಿಯೂ ಕಾಣದು. ಇನ್ನು ಒಳನಾಡಿನ ಮಾತು: ಅಂದು ನಿಜಾಮರ ಸಂಸ್ಥಾನದಲ್ಲಿದ್ದ ಕಲಬುರಗಿ ಮುಂಬಯಿ–ಮದ್ರಾಸು ರೈಲುಮಾರ್ಗದ ಮೇಲೆಯೇ ಇತ್ತು, 1942ರಲ್ಲಿ ಬರ್ಮಾ ಕೈತಪ್ಪಿದ ಮೇಲೆ ಕಂದೀಲಿಗೆ ಸುರಿಯುವ ಚಿಮಣಿ ಎಣ್ಣೆಗೆ ದೇಶವು ಬಹುಮಟ್ಟಿಗೆ ಬಂದರುಗಳನ್ನೇ ನೆಚ್ಚಬೇಕಾಗಿದ್ದಾಗ, ಕಡಲಹಾದಿಗೆ ಬಿದ್ದ ಪೆಟ್ಟು ಕಮಲಾಪುರದ ಮನೆಗಳಿಗೆ ತಟ್ಟಲಿಲ್ಲವೆಂದು ಹೇಳಲು ಯಾವ ಆಧಾರವಿದೆ?