ತಿದ್ದಿದ ಸಾಲು, ತಿದ್ದದ ಸಾಲು

ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಚಾಮರಾಜಪೇಟೆಯ ಅಚ್ಚುಕೂಟಗಳಲ್ಲಿ ಕರಡು ತಿದ್ದುವವರಿಗೆ ಒಂದು ಎಚ್ಚರ ಬೇಕಾಗಿತ್ತು. ಸಾಲಿನ ನಡುವೆ ಹೊಸ ಪದವೊಂದನ್ನು ಸೇರಿಸಿದರೆ ಮೊಳೆಗಳು ಮುಂದಕ್ಕೆ ಸರಿಯುತ್ತವೆ. ಕೆಳಗಿನ ಸಾಲುಗಳನ್ನೂ ಮರಳಿ ಜೋಡಿಸಬೇಕಾಗುತ್ತದೆ. ಆದುದರಿಂದ ಸೇರಿಸಿದ ಪದವೊಂದನ್ನೇ ನೋಡಿದರೆ ಸಾಲದು. ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪರಿಚ್ಛೇದವನ್ನು ಕೊನೆಯವರೆಗೆ ಓದಬೇಕು. ಗಣಕಯಂತ್ರದ ಪ್ರೋಗ್ರಾಮಿನ ತಿದ್ದುಪಡಿಗಳನ್ನು ಪರಿಶೀಲಿಸುವವರೂ ಹೀಗೆಯೇ ಓದಬೇಕೆಂಬುದು ನಮ್ಮ ಅಭಿಪ್ರಾಯ. ಇದನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದಲೇ.

ನಾವು ಪಾಠ ಹೇಳುವುದು ಬಸವನಗುಡಿಯ ಕಡೆಯ ಒಂದು ಕಾಲೇಜಿನಲ್ಲಿ. ಅಲ್ಲಿಯ ಭೌತಶಾಸ್ತ್ರದ ಪ್ರಯೋಗಶಾಲೆಗಾಗಿ ವಿದ್ಯಾರ್ಥಿಗಳು ಸುಮಾರು 200 ಸಾಲುಗಳ ರಿಲೇ ಸರ್ವರೊಂದನ್ನು ಬರೆದಿದ್ದರು. ಮೇಜುಗಳ ಮೇಲಿನ ಗಣಕಯಂತ್ರಗಳು ಕಳುಹಿಸುವ ಅಳತೆಗಳನ್ನು ಎಚ್.ಟಿ.ಟಿ.ಪಿ. ನಿಯಮದಂತೆ ಪಡೆದು ಮುಖ್ಯ ಸರ್ವರಿಗೆ ದಾಟಿಸುವುದಷ್ಟೇ ಅದರ ಕೆಲಸ. ಕಾಗದವನ್ನು ಒಡೆಯದೆ ತಲಪಿಸುವ ಅಂಚೆಯವನಂತೆ ಎನ್ನಬಹುದು. ಆದರೆ ತಂತಿಯಲ್ಲಿ ಲಕೋಟೆಗಳಿಲ್ಲ. ಹರಿದು ಬರುವುದು ಬೈಟುಗಳ ಒಂದೇ ಪ್ರವಾಹ. ಒಂದು ಕಾಗದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬುದನ್ನು ಈ ಅಂಚೆಯವನು ಎಣಿಸಿಯೇ ತಿಳಿಯಬೇಕು.

ಪ್ರತಿ ಸಂದೇಶಕ್ಕೂ ಹೊಸ ಸಂಪರ್ಕವನ್ನು ತೆರೆದು ಮುಚ್ಚುತ್ತಿದ್ದುದರಿಂದ ಕೆಲಸ ನಿಧಾನವಾಗಿತ್ತು. ವಿದ್ಯಾರ್ಥಿನಿಯೊಬ್ಬಳು ಮೂರು ಸಾಲುಗಳನ್ನು ಬದಲಿಸಿ, ಒಂದೇ ಸಂಪರ್ಕವನ್ನು ತೆರೆದಿಟ್ಟು ಎಲ್ಲರ ಸಂದೇಶಗಳೂ ಅದರಲ್ಲಿಯೇ ಹೋಗುವಂತೆ ಮಾಡಿದಳು. ಪರಿಶೀಲಿಸಿದ ಸಹಪಾಠಿ ಒಂದು ಹೆಸರು ಚೆನ್ನಾಗಿಲ್ಲವೆಂದ. ನಾವು ಓಡಿಸಿ ನೋಡಿದೆವು, ವೇಗ ಹೆಚ್ಚಿತ್ತು, ರುಜು ಹಾಕಿದೆವು. ಆ ಮೂರು ಸಾಲುಗಳಲ್ಲಿ ಇಂದಿಗೂ ನಮಗೆ ದೋಷ ಕಾಣದು.

ದೋಷವಿದ್ದುದು ಯಾರೂ ಮುಟ್ಟದ ಹಳೆಯ ಸಾಲಿನಲ್ಲಿ. ಎಚ್.ಟಿ.ಟಿ.ಪಿ. ಸಂದೇಶದ ಒಡಲಿನ ಉದ್ದವನ್ನು ತಿಳಿಸುವ ಕ್ರಮಗಳು ಎರಡು. ಕಂಟೆಂಟ್-ಲೆಂಗ್ತ್ ಎಂಬ ತಲೆಬರಹದಲ್ಲಿ ಇಷ್ಟು ಬೈಟುಗಳೆಂದು ಮೊದಲೇ ಹೇಳಬಹುದು. ಇಲ್ಲವೆ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಎಂಬುದರಲ್ಲಿ ಸೂಚಿಸಿ, ತುಂಡುತುಂಡಾಗಿ, ಪ್ರತಿ ತುಂಡಿನ ಅಳತೆಯೊಡನೆ ಕಳುಹಿಸಿ, ಸೊನ್ನೆ ಅಳತೆಯ ತುಂಡಿನಿಂದ ಮುಗಿಸಬಹುದು. ನಮ್ಮ ರಿಲೇಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಒಂದು ದಿನ ಹುಡುಗನೊಬ್ಬನ ಪ್ರೋಗ್ರಾಮು ಎರಡನ್ನೂ ಒಟ್ಟಿಗೆ, ಒಂದಕ್ಕೊಂದು ಹೊಂದದಂತೆ, ಕಳುಹಿಸಿತು. ರಿಲೇ ಕಂಟೆಂಟ್-ಲೆಂಗ್ತನ್ನು ನಂಬಿ ಅಷ್ಟೂ ಬೈಟುಗಳನ್ನು ದಾಟಿಸಿತು. ಮುಖ್ಯ ಸರ್ವರು ತುಂಡುಗಳನ್ನು ನಂಬಿ, ಸೊನ್ನೆ ಕಂಡೊಡನೆ ಸಂದೇಶ ಮುಗಿಯಿತೆಂದುಕೊಂಡಿತು. ಮಿಕ್ಕ ಬೈಟುಗಳು ಹಿಂದಾಗಿದ್ದರೆ ಸಂಪರ್ಕ ಮುಚ್ಚಿದಾಗ ಅದರೊಡನೆಯೇ ಹೋಗುತ್ತಿದ್ದವು. ಈಗ ಅವು ಮುಂದಿನ ಸಂದೇಶದ ತಲೆಗೆ ಅಂಟಿಕೊಂಡವು. ಪಕ್ಕದ ಮೇಜಿನ ಹುಡುಗಿಯ ಲೋಲಕದ ಅಳತೆಗಳು ತಿರಸ್ಕೃತವಾದವು. ತಪ್ಪು ಅವಳದೇ ಎಂದು ಗದರಿಸಿ, ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿದವರು ನಾವು. ಆಮೇಲೆ ಕ್ಷಮೆ ಕೇಳಿದೆವೆನ್ನಿ.

ಇದೇನೂ ಹೊಸ ಸಂಗತಿಯಲ್ಲ. ಈ ಗೊಂದಲವನ್ನೇ ಉಪಾಯವಾಗಿ ಬಳಸಿ ಪರರ ಸಂದೇಶಗಳನ್ನು ಕೆಡಿಸಬಹುದೆಂದು 2005ರಲ್ಲಿಯೇ ಪ್ರಬಂಧವೊಂದು ಪ್ರಕಟವಾಗಿತ್ತು. 2022ರ ಆರ್.ಎಫ್.ಸಿ. 9112 ಎಂಬ ನಿಯಮಪತ್ರವಂತೂ, ಎರಡೂ ಇರುವ ಸಂದೇಶವನ್ನು ದಾಟಿಸುವುದಾದರೆ ಕಂಟೆಂಟ್-ಲೆಂಗ್ತನ್ನು ಮೊದಲು ತೆಗೆದುಹಾಕಲೇಬೇಕೆಂದು ವಿಧಿಸುತ್ತದೆ. ಮೂಲಪ್ರತಿ ಇತ್ತು, ನಾವು ಪಕ್ಕದಲ್ಲಿಟ್ಟುಕೊಳ್ಳಲಿಲ್ಲ. ಹೇಳಿದ ಉದ್ದವನ್ನು ನಂಬಿ ಕೆಡುವುದು ಬಲ್ಲವರಿಗೂ ತಪ್ಪಿದ್ದಲ್ಲ. ಓಪನ್ ಎಸ್.ಎಸ್.ಎಲ್.ಗೆ 2011ರ ಡಿಸೆಂಬರ್ 31ರಂದು ಸೇರಿದ ಒಂದು ತಿದ್ದುಪಡಿ ಪರಿಶೀಲನೆಯನ್ನು ದಾಟಿಯೇ ಬಂದಿತ್ತು. ಅದರ ದೋಷ 'ಹಾರ್ಟ್‌ಬ್ಲೀಡ್' ಎಂಬ ಹೆಸರಿನಲ್ಲಿ ಬಯಲಾದದ್ದು 2014ರ ಏಪ್ರಿಲಿನಲ್ಲಿ.

ಯಂತ್ರವೇ ಪರೀಕ್ಷಿಸುವಾಗ ಓದುವ ಶ್ರಮವೇಕೆಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ನಾವು ಓಡಿಸಿದ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿದ್ದವು. ಎರಡು ಉದ್ದಗಳ ಪ್ರಶ್ನೆ ಅವುಗಳಲ್ಲಿ ಇರಲೇ ಇಲ್ಲ. ಓದದೆ ಆ ಪ್ರಶ್ನೆ ತೋಚುವುದಾದರೂ ಹೇಗೆ? ನಾವು ಕಂಡ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಪ್ರೋಗ್ರಾಮು ಬರೆಯುವುದಕ್ಕೆ ಅಂಕಗಳುಂಟು, ಇನ್ನೊಬ್ಬರದನ್ನು ಓದುವುದಕ್ಕಿಲ್ಲ. ಅದಕ್ಕೂ ಅಂಕವಿರಬೇಕು. ಸದ್ಯಕ್ಕೆ ರೆಕಾರ್ಡ್ ಪುಸ್ತಕದ ಗೆರೆಯಿಲ್ಲದ ಎಡಪುಟವನ್ನು ಸಹಪಾಠಿಯ ಆಕ್ಷೇಪಗಳಿಗೆಂದು ಬಿಟ್ಟಿದ್ದೇವೆ. ತಿದ್ದಿದ ಸಾಲುಗಳು ಯಾವ ಹಳೆಯ ಸಾಲನ್ನು ನೆಚ್ಚಿಕೊಂಡಿವೆ, ತನಗೆ ಅರ್ಥವಾಗದ್ದು ಯಾವುದು ಎಂಬುದನ್ನು ಅಲ್ಲಿ ಬರೆಯತಕ್ಕದ್ದು. ಮೊದಲ ತಿಂಗಳು ಬಹಳ ಪುಟಗಳಲ್ಲಿ 'ಸರಿಯಾಗಿದೆ' ಎಂಬ ಒಂದೇ ಮಾತಿತ್ತು. ಮೂರು ಸಾಲುಗಳನ್ನು ಬದಲಿಸಿದ ವಿದ್ಯಾರ್ಥಿನಿ ಮಾತ್ರ, ನಾವೇ ಬರೆದುಕೊಟ್ಟ ಭಾಗದ ಮೇಲೆ ಒಂದೂವರೆ ಪುಟ ಆಕ್ಷೇಪಗಳನ್ನು ಬರೆದಿದ್ದಾಳೆ. ಅವುಗಳಲ್ಲಿ ಎರಡಕ್ಕೆ ನಮ್ಮಿಂದ ಇನ್ನೂ ಉತ್ತರ ಕೊಡಲಾಗಿಲ್ಲ.