ಜೆ.ಡಿ. ಡ್ರೂ ಮತ್ತು "ದುರಾಸೆ" ಅನ್ನೋ ಬೈಗುಳ

ಬೇಸ್‌ಬಾಲ್ ಬಗ್ಗೆ ಬರೀತೀನಿ ಅಂದ ಕೂಡಲೇ ಅರ್ಧ ಜನ ಈ ಪುಟ ಮುಚ್ಚಿ ಎದ್ದು ಹೋಗ್ತೀರಿ ಅಂತ ಗೊತ್ತು. ಸ್ವಲ್ಪ ತಾಳಿ ಸ್ವಾಮೀ. ಇದು ಆಟದ ಬಗ್ಗೆ ಇರೋದಕ್ಕಿಂತ ಹೆಚ್ಚಾಗಿ ಸಂಬಳದ ಬಗ್ಗೆ ಇದೆ. ಸಂಬಳದ ವಿಷಯ ಅಂದ್ರೆ ನಮ್ಮ ಬ್ಲಾಗಿಗರಲ್ಲಿ ಕಿವಿ ನಿಮಿರದವರು ಯಾರಿದ್ದೀರಿ ಹೇಳಿ :-)

ಅಮೆರಿಕದ ಕ್ರೀಡಾ ಬರಹಗಾರರಿಗೆ ಒಂದು ಹಳೇ ಚಟ ಇದೆ. ಆಟಗಾರ ಹೆಚ್ಚು ದುಡ್ಡು ಕೇಳಿದರೆ "ದುರಾಸೆ", ತಂಡದ ಮಾಲೀಕ ಕಡಿಮೆ ಕೊಟ್ಟರೆ "ಜಾಣ ವ್ಯವಹಾರ". ಈ ಚಟಕ್ಕೆ ಬಲಿಯಾದವರ ಪಟ್ಟಿ ಉದ್ದ ಇದೆ. ಆದರೆ ಜೆ.ಡಿ. ಡ್ರೂ ಅನ್ನೋ ಔಟ್‌ಫೀಲ್ಡರ್‌ನಷ್ಟು ಬೈಸಿಕೊಂಡವನು ಇನ್ನೊಬ್ಬ ಇದ್ದಾನೋ ಇಲ್ಲವೋ. ಅವನು ಆಟ ಬಿಟ್ಟು ಹತ್ತು ವರ್ಷದ ಮೇಲಾಯ್ತು. ಈಗಲೂ ಅವನ ಹೆಸರೆತ್ತಿದರೆ "ಓ, ಆ ದುಡ್ಡಿನ ಹುಡುಗನಾ" ಅನ್ನೋ ರಾಗವೇ. ನನಗೆ ಈ ರಾಗ ಕೇಳಿ ಕೇಳಿ ಸಾಕಾಗಿದೆ.

ಡ್ರೂ ಜಾರ್ಜಿಯಾ ರಾಜ್ಯದವನು. ಕಾಲೇಜು ಆಟ ಆಡಿದ್ದು ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಗೆ, ಮೈಕ್ ಮಾರ್ಟಿನ್ ಅನ್ನೋ ದೊಡ್ಡ ಕೋಚ್ ಕೈಕೆಳಗೆ. ಮೊದಲ ವರ್ಷವೇ, 1995ರ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ, ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದ. 1997ರಲ್ಲಿ ಅವನು ಆಡಿದ್ದು ಮಾತ್ರ ಬೇರೇ ಮಟ್ಟ. ಬ್ಯಾಟಿಂಗ್ ಸರಾಸರಿ .455, ಅಂದರೆ ಸಾವಿರಕ್ಕೆ 455ರ ಲೆಕ್ಕ. (ಗೊತ್ತಿಲ್ಲದವರಿಗೆ: ಮುನ್ನೂರು ದಾಟಿದರೆ ಒಳ್ಳೇ ಬ್ಯಾಟ್ಸ್‌ಮನ್ ಅಂತಾರೆ.) 31 ಹೋಮ್ ರನ್, 100 ಆರ್‌ಬಿಐ, 32 ಬೇಸ್ ಕದ್ದದ್ದು. ಒಂದೇ ಸೀಸನ್‌ನಲ್ಲಿ ಮೂವತ್ತು ಹೋಮ್ ರನ್ ಹೊಡೆದು ಮೂವತ್ತು ಬೇಸ್ ಕದ್ದವನು ಕಾಲೇಜು ಬೇಸ್‌ಬಾಲ್‌ನಲ್ಲಿ ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಬಲವಾಗಿ ಹೊಡೆಯುವವನು ಸಾಮಾನ್ಯವಾಗಿ ದಪ್ಪಗೆ ನಿಧಾನ ಇರ್ತಾನೆ, ಓಡುವವನು ಸಪೂರ ಇರ್ತಾನೆ. ಇವನಲ್ಲಿ ಎರಡೂ ಇತ್ತು, ಮೇಲೆ ಔಟ್‌ಫೀಲ್ಡ್‌ನಲ್ಲಿ ಚೆಂಡಿನ ದಾರಿ ಮೊದಲೇ ಓದುವ ಕಣ್ಣು. ಕಾಲೇಜು ಆಟಗಾರನಿಗೆ ಸಿಗೋ ದೊಡ್ಡ ಪ್ರಶಸ್ತಿ ಗೋಲ್ಡನ್ ಸ್ಪೈಕ್ಸ್ ಆ ವರ್ಷ ಅವನಿಗೇ ಬಂತು. ಕಾಲೇಜು ಲೋಹದ ಬ್ಯಾಟಿನಲ್ಲಿ ಆಡ್ತಾರೆ, ಅಂಕಿ ಉಬ್ಬುತ್ತೆ ಅನ್ನೋರಿದ್ದಾರೆ. ಉಬ್ಬುತ್ತೆ, ಒಪ್ಪಿದೆ. ಆದರೆ ಆ ಬ್ಯಾಟ್ ಎಲ್ಲರ ಕೈಯಲ್ಲೂ ಇತ್ತಲ್ಲ?

ಇನ್ನು ಡ್ರಾಫ್ಟ್. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಡ್ರೂ ಕಥೆ ಅರ್ಥ ಆಗೋದಿಲ್ಲ. ನಮ್ಮ ಐಪಿಎಲ್ ಹರಾಜು ನೋಡಿದವರು ಇದೂ ಹಾಗೇ ಅಂದುಕೊಳ್ಳಬೇಡಿ. ಹರಾಜಿನಲ್ಲಿ ಒಬ್ಬನಿಗಾಗಿ ನಾಲ್ಕು ತಂಡ ಕೈ ಎತ್ತುತ್ತವೆ, ರೇಟು ಏರುತ್ತೆ. ಡ್ರಾಫ್ಟ್‌ನಲ್ಲಿ ಕೈ ಎತ್ತೋದೇ ಇಲ್ಲ. ಡ್ರೂ ಕಾಲದಲ್ಲಿ ಹಿಂದಿನ ವರ್ಷ ಸೋತು ಸುಣ್ಣವಾದ ತಂಡ ಮೊದಲು "ಇವನು ನಮ್ಮವನು" ಅನ್ನುತ್ತಿತ್ತು, ಅಲ್ಲಿಗೆ ಮುಗೀತು. ಬೇರೆ ಯಾವ ತಂಡವೂ ಅವನ ಜೊತೆ ಮಾತಾಡೋ ಹಾಗಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ ಪ್ಲೇಸ್‌ಮೆಂಟ್ ನೆನಪಿಸಿಕೊಳ್ಳಿ. ನೀವು ಬ್ಯಾಚ್‌ಗೆ ಟಾಪರ್. ಪ್ಲೇಸ್‌ಮೆಂಟ್ ಆಫೀಸರ್ ಬಂದು "ನಿನ್ನನ್ನು ಇಂಥಾ ಕಂಪನಿ ಆರಿಸಿಕೊಂಡಿದೆ. ಅದೂ ಹೋದ ವರ್ಷ ಎಲ್ಲರಿಗಿಂತ ಜಾಸ್ತಿ ನಷ್ಟ ಮಾಡಿಕೊಂಡ ಕಂಪನಿ. ಸಂಬಳ ಅವರು ಹೇಳಿದ್ದು. ಒಪ್ಪದಿದ್ದರೆ ಈ ವರ್ಷ ಈ ದೇಶದ ಯಾವ ದೊಡ್ಡ ಕಂಪನಿಯಲ್ಲೂ ನಿನಗೆ ಕೆಲಸ ಇಲ್ಲ" ಅಂದರೆ? ಟೇಬಲ್ ಕುಟ್ಟಿ ಎದ್ದು ಬರ್ತೀರೋ ಇಲ್ಲವೋ? ಡ್ರೂ ಎದ್ದು ಬಂದ. ಅವನು ಮಾಡಿದ ಅಪರಾಧ ಅಷ್ಟೇ.

ಈ ಪದ್ಧತಿ ಹುಟ್ಟಿದ್ದು ಯಾಕೆ ಅಂತ ನೋಡಿದರೆ ಇನ್ನೂ ಮಜಾ ಇದೆ. 1964ರಲ್ಲಿ ರಿಕ್ ರೈಖಾರ್ಟ್ ಅಂತ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಒಬ್ಬ ಔಟ್‌ಫೀಲ್ಡರ್ ಇದ್ದ. ಆಗ ಡ್ರಾಫ್ಟ್ ಇರಲಿಲ್ಲ. ತಂಡಗಳು ಪೈಪೋಟಿಗೆ ಬಿದ್ದವು, ಕೊನೆಗೆ ಲಾಸ್ ಏಂಜಲೀಸ್ ಏಂಜಲ್ಸ್ 2,05,000 ಡಾಲರ್ ಬೋನಸ್ ಕೊಟ್ಟು ಕರೆದುಕೊಂಡಿತು. ಮಾಲೀಕರ ಎದೆ ಧಸಕ್ ಅಂತು. ಮರುವರ್ಷವೇ, 1965ರಲ್ಲಿ, ಡ್ರಾಫ್ಟ್ ತಂದರು. ಅದರಲ್ಲಿ ಮೊಟ್ಟಮೊದಲು ಆರಿಸಲ್ಪಟ್ಟವನೂ ಕಾಲೇಜು ಔಟ್‌ಫೀಲ್ಡರ್ರೇ, ಅರಿಜೋನಾ ಸ್ಟೇಟ್‌ನ ರಿಕ್ ಮಂಡೇ. ಅವನಿಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದು ಲಕ್ಷ ಡಾಲರ್. ಒಂದೇ ವರ್ಷದಲ್ಲಿ ರೇಟು ಅರ್ಧ! ರೈಖಾರ್ಟ್‌ನ ಬೋನಸ್ಸನ್ನು ಯಾರಾದರೂ ದಾಟೋಕೆ 1979 ಬರಬೇಕಾಯ್ತು. "ಬಲಹೀನ ತಂಡಗಳಿಗೆ ನ್ಯಾಯ ಸಿಗಲಿ ಅಂತ ಡ್ರಾಫ್ಟ್" ಅಂತ ಪಾಠ ಹೇಳೋರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟುಕೊಂಡು ಹೇಳಲಿ.

1997ಕ್ಕೆ ವಾಪಸ್ ಬರೋಣ. ಮೊದಲ ಆಯ್ಕೆ ಡೆಟ್ರಾಯಿಟ್‌ನದ್ದು, ಅವರು ಮ್ಯಾಟ್ ಆಂಡರ್ಸನ್ ಅನ್ನೋ ಪಿಚರ್‌ನನ್ನು ತೆಗೆದುಕೊಂಡರು. ಎರಡನೆಯದು ಫಿಲಡೆಲ್ಫಿಯಾ ಫಿಲ್ಲೀಸ್, ಹಿಂದಿನ ವರ್ಷ 95 ಪಂದ್ಯ ಸೋತಿದ್ದ ತಂಡ. ಡ್ರೂ ಪರವಾಗಿ ಮಾತಾಡುತ್ತಿದ್ದವನು ಸ್ಕಾಟ್ ಬೋರಾಸ್, ಮಾಲೀಕರ ನಿದ್ದೆ ಕೆಡಿಸೋ ಏಜೆಂಟ್. ಬೇಡಿಕೆ ಒಂದು ಕೋಟಿ ಡಾಲರ್, ಅದಿಲ್ಲದೆ ಸಹಿ ಇಲ್ಲ. ಈ ಒಂದು ಕೋಟಿ ಎಲ್ಲಿಂದ ಬಂತು? ಆಕಾಶದಿಂದ ಉದುರಿದ್ದಲ್ಲ. ಹಿಂದಿನ ವರ್ಷ, 1996ರಲ್ಲಿ, ಕೆಲವು ತಂಡಗಳು ತಾವು ಆರಿಸಿಕೊಂಡ ಹುಡುಗರಿಗೆ 15 ದಿನದೊಳಗೆ ನಿಯಮದ ಪ್ರಕಾರ ಕಾಂಟ್ರ್ಯಾಕ್ಟ್ ಕಳಿಸೋದು ಮರೆತಿದ್ದವು. ಆ ಸಂದಿಯಲ್ಲಿ ನಾಲ್ಕು ಹುಡುಗರು ಬಂಧಮುಕ್ತರಾದರು. ಟ್ರಾವಿಸ್ ಲೀಗೆ ಅರಿಜೋನಾ ಒಂದು ಕೋಟಿ ಕೊಟ್ಟಿತು, ಮ್ಯಾಟ್ ವೈಟ್‌ಗೆ ಟ್ಯಾಂಪಾ ಬೇ ಒಂದು ಕೋಟಿ ಎರಡು ಲಕ್ಷ ಕೊಟ್ಟಿತು. ಅಂದರೆ ಬಾಗಿಲು ತೆಗೆದಿದ್ದರೆ ಮಾರುಕಟ್ಟೆ ಎಷ್ಟು ಕೊಡುತ್ತೆ ಅಂತ ಜಗತ್ತಿಗೇ ಗೊತ್ತಾಗಿಹೋಗಿತ್ತು. ಡ್ರೂ ಕೇಳಿದ್ದು ಆ ರೇಟನ್ನೇ. ಅಂಗಡಿಯಲ್ಲಿ ಬೋರ್ಡ್ ಮೇಲೆ ಬರೆದ ಬೆಲೆ ಕೇಳಿದರೆ ದುರಾಸೆ ಆಗುತ್ತಾ?

ಫಿಲ್ಲೀಸ್ ಅದರ ಹತ್ತಿರಕ್ಕೂ ಬರಲಿಲ್ಲ. ಹುಡುಗ ಸಹಿ ಹಾಕಲಿಲ್ಲ. ಸುಮ್ಮನೆ ಮನೇಲಿ ಕೂತನೇ? ಇಲ್ಲ. ಮೇಜರ್ ಲೀಗ್‌ಗೆ ಸಂಬಂಧವೇ ಇಲ್ಲದ ನಾರ್ದರ್ನ್ ಲೀಗ್‌ಗೆ ಹೋಗಿ ಸೇಂಟ್ ಪಾಲ್ ಸೇಂಟ್ಸ್ ತಂಡಕ್ಕೆ ಆಡಿದ. 44 ಪಂದ್ಯಕ್ಕೆ 18 ಹೋಮ್ ರನ್, ಸರಾಸರಿ .341, ಅದೂ ಮರದ ಬ್ಯಾಟಿನಲ್ಲಿ. ಲೋಹದ ಬ್ಯಾಟಿನ ಬಗ್ಗೆ ತಗಾದೆ ತೆಗೆದವರು ಇಲ್ಲಿ ಸ್ವಲ್ಪ ನಿಂತು ಓದಬಹುದು. 1998ರ ಡ್ರಾಫ್ಟ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವನನ್ನು ಐದನೆಯವನಾಗಿ ಆರಿಸಿ 70 ಲಕ್ಷ ಡಾಲರ್ ಖಾತ್ರಿ ಕೊಟ್ಟಿತು. ಅದೇ ಡ್ರಾಫ್ಟ್‌ನಲ್ಲಿ ಇದೇ ಫಿಲ್ಲೀಸ್ ಮೊದಲ ಆಯ್ಕೆಯಾಗಿ ಪ್ಯಾಟ್ ಬರೆಲ್‌ನನ್ನು ತೆಗೆದುಕೊಂಡು, ಸುಮಾರು 80 ಲಕ್ಷದ ಕಾಂಟ್ರ್ಯಾಕ್ಟ್ ಕೊಟ್ಟಿತು! ದುಡ್ಡು ಇರಲಿಲ್ಲ ಅಂತಲ್ಲ. ಒಬ್ಬ ಹುಡುಗ ಬಾಗಬೇಕಿತ್ತು, ಬಾಗಲಿಲ್ಲ, ಅದಕ್ಕೆ ಸಿಟ್ಟು. ಆಮೇಲೆ "ಬಡ ತಂಡ" ಅಂತೀರಲ್ಲ, ಫಿಲಡೆಲ್ಫಿಯಾ ಅಮೆರಿಕದ ಅತಿ ದೊಡ್ಡ ನಗರಗಳಲ್ಲಿ ಒಂದು. ಅದು ಯಾವ ಸೀಮೆಯ ಬಡ ಊರು?

1999ರ ಆಗಸ್ಟ್ 10ರಂದು ಡ್ರೂ ಕಾರ್ಡಿನಲ್ಸ್ ಪರವಾಗಿ ಫಿಲಡೆಲ್ಫಿಯಾಕ್ಕೆ ಆಡಲು ಬಂದ. ಸೆಂಟರ್ ಫೀಲ್ಡ್‌ನಲ್ಲಿ ನಿಂತಿದ್ದವನ ಮೇಲೆ ಪ್ರೇಕ್ಷಕರು ಬ್ಯಾಟರಿ ಎಸೆದರು. ನಮ್ಮ ಊರಿನ ಟಾರ್ಚಿಗೆ ಹಾಕ್ತೀವಲ್ಲ, ಆ ದಪ್ಪನೆಯ ಸೆಲ್ಲುಗಳು. ಮೇಲಿನ ಸ್ಟ್ಯಾಂಡ್‌ನಿಂದ ತಲೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆಟ ಸ್ವಲ್ಪ ಹೊತ್ತು ನಿಲ್ಲಬೇಕಾಯ್ತು. ಎಸೆದವರಲ್ಲಿ ಎಷ್ಟು ಜನ ತಮ್ಮ ತಮ್ಮ ಕೆಲಸದಲ್ಲಿ ಇನ್ಕ್ರಿಮೆಂಟ್ ಕೇಳಿ ಜಗಳ ಆಡಿರಲಿಲ್ಲ? ಬೇಸರದ ಸಂಗತಿ ಅಂದರೆ ಇದೇ ಎರಡು ಊರಿನ ನಡುವೆ ಇದರ ಅಣ್ಣನಂಥ ಕಥೆ ಮುಂಚೆಯೇ ಆಗಿತ್ತು. 1969ರಲ್ಲಿ ಸೇಂಟ್ ಲೂಯಿಸ್‌ನ ಔಟ್‌ಫೀಲ್ಡರ್ ಕರ್ಟ್ ಫ್ಲಡ್‌ನನ್ನು ಅವನ ಮಾತು ಕೇಳದೆ ಫಿಲಡೆಲ್ಫಿಯಾಕ್ಕೆ ಸಾಗಿಸಿದಾಗ "ನಾನು ಮಾರೋ ಸಾಮಾನಲ್ಲ" ಅನ್ನೋ ನಿಲುವಿನಲ್ಲಿ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ, ಆಟದ ಬದುಕೂ ಮುಗಿಯಿತು. ಇವತ್ತು ಫ್ಲಡ್‌ನನ್ನು ಎಲ್ಲರೂ ಹೀರೋ ಅಂತಾರೆ. ಅವನ ಹಾಗೇ ಫಿಲಡೆಲ್ಫಿಯಾಕ್ಕೆ ಒಲ್ಲೆ ಅಂದ ಡ್ರೂಗೆ ಬ್ಯಾಟರಿ. ಇಬ್ಬರ ಸನ್ನಿವೇಶ ಒಂದೇ ಅಲ್ಲ, ಫ್ಲಡ್ ಕಳಕೊಂಡದ್ದು ಬಹಳ ದೊಡ್ಡದು. ಆದರೆ "ನಾನು ಎಲ್ಲಿ ದುಡೀಬೇಕು ಅನ್ನೋದರಲ್ಲಿ ನನಗೂ ಒಂದು ಮಾತಿರಲಿ" ಅನ್ನೋದು ಎರಡೂ ಕಡೆ ಒಂದೇ ತಾನೇ?

ಸರಿ, ಆಮೇಲೆ ಹೇಗೆ ಆಡಿದ? ಇಲ್ಲೇ ವಿರೋಧಿಗಳು ನನ್ನನ್ನು ಹಿಡಿಯೋದು. ಅವರ ಮಾತಿನಲ್ಲಿ ಸತ್ಯವೂ ಇದೆ. 1999ರ ಮೊದಲ ಪೂರ್ತಿ ಸೀಸನ್‌ನಲ್ಲಿ ಸರಾಸರಿ .242, ಸಪ್ಪೆ. ಕಾಲೇಜಿನ ಆ ದೇವರಂಥ ಆಟ ಮತ್ತೆ ಪೂರ್ತಿಯಾಗಿ ಬರಲೇ ಇಲ್ಲ. ಆಲ್-ಸ್ಟಾರ್ ಆಗಿದ್ದು ಒಂದೇ ಸಲ, 2008ರಲ್ಲಿ (ಆ ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ ಆದ ಅನ್ನೋದು ಬೇರೆ ಮಾತು). ಪದೇ ಪದೇ ಗಾಯ. ಇದನ್ನೇ ಹಿಡಿದು "ಮೈಗಳ್ಳ" ಅಂದರು. ಆದರೆ 2001ರಲ್ಲಿ .323 ಸರಾಸರಿಯಲ್ಲಿ 27 ಹೋಮ್ ರನ್ ಹೊಡೆದ ವರ್ಷ ಅವನ ಕೈಮೂಳೆ ಮುರಿದದ್ದು ಪಿಚರ್ ಎಸೆದ ಚೆಂಡಿನಿಂದ. 2005ರಲ್ಲಿ ಮಣಿಕಟ್ಟು ಮುರಿದದ್ದೂ ಹಾಗೇ. ಮೈಗಳ್ಳತನಕ್ಕೆ ಮೂಳೆ ಮುರಿಯುತ್ತಾ ಸ್ವಾಮೀ?

2005ರಲ್ಲಿ ಬಂದ ಬಝ್ ಬಿಸಿಂಜರ್ ಅವರ 'ತ್ರೀ ನೈಟ್ಸ್ ಇನ್ ಆಗಸ್ಟ್' ಪುಸ್ತಕದಲ್ಲಿ ಅವನ ಹಳೇ ಮ್ಯಾನೇಜರ್ ಟೋನಿ ಲಾ ರೂಸಾ ಈ ಹುಡುಗ ತನ್ನ ಪ್ರತಿಭೆಯ ಮುಕ್ಕಾಲು ಭಾಗಕ್ಕೇ ತೃಪ್ತಿಪಟ್ಟ ಅನ್ನೋ ಅರ್ಥದ ಮಾತಾಡಿದ್ದಾರೆ. ದೊಡ್ಡ ಮನುಷ್ಯ, ಹತ್ತಿರದಿಂದ ನೋಡಿದವರು. ಆದರೂ ನನ್ನ ಪ್ರಶ್ನೆ, ಈ ಮುಕ್ಕಾಲನ್ನು ಅಳೆದದ್ದು ಯಾವ ತಕ್ಕಡಿಯಲ್ಲಿ? ಡ್ರೂ ಮುಖದಲ್ಲಿ ಭಾವನೆ ಕಾಣುತ್ತಿರಲಿಲ್ಲ. ಔಟಾದರೆ ಹೆಲ್ಮೆಟ್ ಎಸೀತಿರಲಿಲ್ಲ, ಗೆದ್ದರೆ ಕುಣೀತಿರಲಿಲ್ಲ. ಓಡಿ ಹಿಡಿಯೋ ಕ್ಯಾಚು ನಿಂತು ಹಿಡಿದ ಹಾಗೆ ಕಾಣುತ್ತಿತ್ತು, ಯಾಕೆಂದರೆ ಚೆಂಡು ಬರೋ ಜಾಗಕ್ಕೆ ಮೊದಲೇ ತಲುಪಿರುತ್ತಿದ್ದ. ತಡವಾಗಿ ಹೊರಟು, ಹಾರಿ, ಉರುಳಿ, ಮಣ್ಣು ಮೆತ್ತಿಕೊಂಡು ಹಿಡಿದವನಿಗೆ ಚಪ್ಪಾಳೆ. ಇವನಿಗೆ "ಆಸಕ್ತಿಯೇ ಇಲ್ಲ". ನಮ್ಮ ದ್ರಾವಿಡ್ ಮುಖ ಗಂಟು ಹಾಕಿಕೊಂಡು ದಿನಗಟ್ಟಲೆ ಆಡಿದಾಗ ನಾವು ಅದನ್ನು ಸಂಯಮ ಅಂದೆವು, ತಪಸ್ಸು ಅಂದೆವು.

ಇನ್ನೊಂದು ದೂರು: ಅವನು ಹೊಡೆಯೋದಿಲ್ಲ, ಬಿಡ್ತಾನೆ. ಹೌದು, ಬಿಡ್ತಿದ್ದ. ಕೆಟ್ಟ ಚೆಂಡು ಬಿಟ್ಟು ವಾಕ್ ತೆಗೆದುಕೊಳ್ಳೋದು ಅವನ ದೊಡ್ಡ ಶಕ್ತಿ. 2004ರಲ್ಲಿ ಅಟ್ಲಾಂಟಾಕ್ಕೆ ಆಡಿದಾಗ 31 ಹೋಮ್ ರನ್ ಜೊತೆ 118 ವಾಕ್. ಇಡೀ ವೃತ್ತಿಜೀವನದಲ್ಲಿ ಆನ್-ಬೇಸ್ ಲೆಕ್ಕ .384, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಹೆಚ್ಚುಕಡಿಮೆ ನಾಲ್ಕು ಸಲ ಔಟಾಗದೆ ಬೇಸ್ ತಲುಪುತ್ತಿದ್ದ. ಜೊತೆಗೆ 242 ಹೋಮ್ ರನ್. ಬಾಸ್ಟನ್‌ನ ಜನರಲ್ ಮ್ಯಾನೇಜರ್ ಥಿಯೋ ಎಪ್ಸ್ಟೀನ್ ಇದನ್ನೇ ಹೇಳಿ ಹೇಳಿ ಸುಸ್ತಾದರು, ಆರ್‌ಬಿಐ ಬಿಟ್ಟರೆ ಬೇರೆ ಅಂಕಿ ನೋಡದವರ ತಲೆಗೆ ಹೋಗಲಿಲ್ಲ. ಅದೇ ಬಾಸ್ಟನ್ ಐದು ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟಿದ್ದಕ್ಕೆ ವರ್ಷಪೂರ್ತಿ ಗೊಣಗಿತು. 2007ರ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ಸೋತರೆ ಮನೆಗೆ ಅನ್ನೋ ಆರನೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ ಅವನು ಗ್ರ್ಯಾಂಡ್ ಸ್ಲಾಮ್ ಹೊಡೆದ. ಮೂರು ಬೇಸ್ ತುಂಬಿದ್ದವು, ಇಬ್ಬರು ಔಟ್. ತಂಡ ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಮರುವರ್ಷ ಟ್ಯಾಂಪಾ ಬೇ ವಿರುದ್ಧ 7-0 ಹಿಂದಿದ್ದ ಪಂದ್ಯವನ್ನು ಕೊನೆಯ ಹೊಡೆತದಲ್ಲಿ ಗೆಲ್ಲಿಸಿದವನೂ ಇವನೇ. ಆಗಲೂ ನಗಲಿಲ್ಲ ಅಂತ ಬೈದರೇನೋ :-)

ಡ್ರೂ ಸರಿಯೋ ತಪ್ಪೋ ಅನ್ನೋದಕ್ಕೆ ಆಟದ ಅಂಕಿಗಳು ಬೇಕಾಗೇ ಇಲ್ಲ ಅನ್ನೋದು ನನ್ನ ವಾದ. ಅವನು ಒಂದೂ ಹೋಮ್ ರನ್ ಹೊಡೆಯದೇ ಹೋಗಿದ್ದರೂ 1997ರಲ್ಲಿ ಎದ್ದು ಬಂದದ್ದು ಸರಿಯೇ. ಯಾಕೆ ಅಂದರೆ ಇವತ್ತಿನ ಲೆಕ್ಕ ನೋಡಿ. 2012ರಿಂದ ಬೀಗ ಇನ್ನೂ ಬಿಗಿಯಾಗಿದೆ. ಪ್ರತಿ ತಂಡ ಡ್ರಾಫ್ಟ್‌ಗೆ ಇಷ್ಟೇ ಖರ್ಚು ಮಾಡಬೇಕು, ಮೀರಿದರೆ ದಂಡ, ತುಂಬಾ ಮೀರಿದರೆ ಮುಂದಿನ ಆಯ್ಕೆಯೇ ಖೋತಾ. ಆಗ ತಾನೇ ಡ್ರಾಫ್ಟ್ ಆದ ಹುಡುಗನಿಗೆ ಡ್ರೂಗೆ ಸಿಕ್ಕಂಥ ಮೇಜರ್ ಲೀಗ್ ಕಾಂಟ್ರ್ಯಾಕ್ಟ್ ಕೊಡೋ ಹಾಗೇ ಇಲ್ಲ. 2023ರ ಗೋಲ್ಡನ್ ಸ್ಪೈಕ್ಸ್ ಗೆದ್ದ ಎಲ್‌ಎಸ್‌ಯು ಔಟ್‌ಫೀಲ್ಡರ್ ಡಿಲನ್ ಕ್ರೂಸ್‌ಗೆ ಸಿಕ್ಕ ಬೋನಸ್ 90 ಲಕ್ಷ ಡಾಲರ್. 2024ರಲ್ಲಿ .433 ಸರಾಸರಿಯಲ್ಲಿ 37 ಹೋಮ್ ರನ್ ಹೊಡೆದ ಜಾರ್ಜಿಯಾದ ಚಾರ್ಲಿ ಕಾಂಡನ್‌ಗೆ 92.5 ಲಕ್ಷ, ಅದು ಡ್ರಾಫ್ಟ್ ಬೋನಸ್‌ನ ದಾಖಲೆ ಮೊತ್ತ. ಈಗ 1996ರ ಮ್ಯಾಟ್ ವೈಟ್‌ನ ಒಂದು ಕೋಟಿ ಎರಡು ಲಕ್ಷ ನೆನಪಿಸಿಕೊಳ್ಳಿ. ಇಪ್ಪತ್ತೆಂಟು ವರ್ಷ ಕಳೆದರೂ, ಡಾಲರ್ ಬೆಲೆ ಅಷ್ಟು ಕುಸಿದರೂ, ಆ ಮೊತ್ತ ಮುಟ್ಟಲಿಲ್ಲ! ಅದೇ 2024ರ ಡಿಸೆಂಬರ್‌ನಲ್ಲಿ ಬಂಧಮುಕ್ತ ಔಟ್‌ಫೀಲ್ಡರ್ ಹ್ವಾನ್ ಸೋಟೋಗೆ ನ್ಯೂಯಾರ್ಕ್ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ತಂಡಗಳ ಹತ್ತಿರ ದುಡ್ಡಿಲ್ಲ ಅನ್ನೋ ಮಾತು ಇಲ್ಲಿಗೆ ಮುಗೀತಲ್ಲ?

"ಆರು ವರ್ಷ ಆಡಲಿ, ಆಮೇಲೆ ಅವನೂ ಬಂಧಮುಕ್ತ ಆಗ್ತಾನೆ, ಆಗ ಗಳಿಸಲಿ" ಅಂತಾರೆ. ಮೇಜರ್ ಲೀಗ್‌ನಲ್ಲಿ ಆರು ವರ್ಷ! ಡ್ರಾಫ್ಟ್ ಆದವರಲ್ಲಿ ಹೆಚ್ಚಿನವರು ಅಲ್ಲಿಗೆ ಒಂದು ದಿನವೂ ತಲುಪೋದಿಲ್ಲ. ಮೊಣಕಾಲೋ ಭುಜವೋ ಕೈಕೊಟ್ಟರೆ ಮುಗೀತು. ಆಟಗಾರನ ಕೈಯಲ್ಲಿ ಒಂದಿಷ್ಟು ಬಲ ಇರೋದು ಕಾಲೇಜಿನ ಮೂರನೇ ವರ್ಷ ಮುಗಿಸಿ, "ಬೇಡ" ಅನ್ನೋ ಆಯ್ಕೆ ಇನ್ನೂ ಉಳಿದಿರೋ ಆ ಕೆಲವು ವಾರ ಮಾತ್ರ. ಆ ವಾರಗಳಲ್ಲಿ ಬೆಲೆ ಕೇಳದೆ ಇನ್ಯಾವಾಗ ಕೇಳಬೇಕು?

ಕಾಲೇಜಿನಲ್ಲಾದರೂ ಏನು ಸಿಗುತ್ತಿತ್ತು? ಬಹಳ ವರ್ಷ ಎನ್‌ಸಿಎಎ ನಿಯಮದಲ್ಲಿ ಒಂದು ಇಡೀ ಬೇಸ್‌ಬಾಲ್ ತಂಡಕ್ಕೆ 11.7 ಸ್ಕಾಲರ್‌ಶಿಪ್. ಮೂವತ್ತು ಹುಡುಗರು ಅದನ್ನೇ ಹಂಚಿಕೊಳ್ಳಬೇಕು, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಹಂಚಿದ ಹಾಗೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ದುಡ್ಡು ಮಾಡಬಹುದು ಅಂತಾಯ್ತು, 2025ರ ಜುಲೈನಿಂದ ಕಾಲೇಜುಗಳೇ ನೇರ ಹಣ ಕೊಡಬಹುದು ಅಂತಾಯ್ತು. ಆಗಲೂ ಅದೇ ಗೋಳು: ಹುಡುಗರು ಹಾಳಾಗ್ತಾರೆ, ಆಟದ ಮೇಲಿನ ಪ್ರೀತಿ ಹೋಗುತ್ತೆ. ಈ ಗೋಳು ಕೋಚುಗಳ ಸಂಬಳದ ವಿಷಯಕ್ಕೆ ಯಾವತ್ತೂ ಎದ್ದದ್ದು ನಾನು ಕಾಣೆ.

ನೀವೇನಂತೀರಿ? "ಆದರೂ ಅಷ್ಟೊಂದು ದುಡ್ಡು ಕೇಳಬಾರದಿತ್ತು" ಅನ್ನೋರು ದಯವಿಟ್ಟು ಬರೀರಿ. ಜೊತೆಗೆ ಹೋದ ಸಲ ಕೆಲಸ ಬದಲಾಯಿಸಿದಾಗ ನೀವು ಎಷ್ಟು ಪರ್ಸೆಂಟ್ ಜಾಸ್ತಿ ಕೇಳಿದ್ರಿ ಅಂತಲೂ ಬರೀರಿ.